ಬಂಗಾರದ ಕೆಳಗೆ ಬೆಳ್ಳಿ

ಚಹಾ ಗೋದಾಮಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನಾಲಿಗೆ ಸಾಹೇಬರು ಅಂದರೆ ಬಾಗಿಲು ಕಾಯುವವನಿಂದ ಹಿಡಿದು ಯಜಮಾನರವರೆಗೆ ಎಲ್ಲರಿಗೂ ಗೊತ್ತು. ತೋಟಗಳಿಂದ ಬಂದ ಚಹಾಪುಡಿ ಯಾವ ದರ್ಜೆಯದ್ದು ಎಂದು ಹೇಳುವುದು ಅವರ ಕೆಲಸ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು, ಒಂದೊಂದು ಬಟ್ಟಲಲ್ಲಿ ಒಂದೊಂದು ತೋಟದ ಚಹಾ, ಹಾಲಿಲ್ಲ, ಸಕ್ಕರೆಯಿಲ್ಲ. ಸಾಹೇಬರು ಒಂದು ಚಮಚ ತೆಗೆದು, ಬೀದಿಗೆ ಕೇಳುವ ಹಾಗೆ ಸೊರ್ರನೆ ಎಳೆದುಕೊಂಡು, ಬಾಯಲ್ಲಿ ಒಂದು ಸುತ್ತು ಆಡಿಸಿ, ಪಕ್ಕದ ಡಬ್ಬಕ್ಕೆ ಉಗಿದು ಮುಂದಿನ ಬಟ್ಟಲಿಗೆ ಹೋಗುತ್ತಿದ್ದರು. ಬಾಯ್ತುಂಬ ಚಹಾ ಇಟ್ಟುಕೊಂಡು ಮಾತಾಡಲಾಗದಲ್ಲ, ಅದಕ್ಕೆ ತೀರ್ಪೆಲ್ಲ ಬೆರಳಲ್ಲೇ. ಒಂದು ಬೆರಳು ಎತ್ತಿದರೆ ಮೊದಲ ದರ್ಜೆ. ಎರಡು ಅಂದರೆ ನಡೆಯುತ್ತದೆ. ಮೂರು ಅಂದರೆ ಬೇರೆ ಪುಡಿಯ ಜೊತೆ ಬೆರೆಸಿ ಸಾಗಹಾಕಿ. ಮುಷ್ಟಿ ಕಟ್ಟಿದರೆ ಕತೆ ಮುಗಿಯಿತು, ಬಂದ ದಾರಿಯಲ್ಲೇ ವಾಪಸ್ಸು ಕಳಿಸಿ.

ಈ ಬೆರಳಿನ ಭಾಷೆ ಗೋದಾಮಿನಲ್ಲೇ ಉಳಿದಿದ್ದರೆ ಅದನ್ನು ಕಸುಬು ಅನ್ನಬಹುದಿತ್ತು. ಸಾಹೇಬರು ಅದನ್ನು ಮನೆಗೂ ತಂದರು. ಮದುವೆಯಾದ ಹೊಸದರಲ್ಲಿ ಹೆಂಡತಿ ತಟ್ಟೆ ಇಟ್ಟು, ಅಡುಗೆಮನೆ ಬಾಗಿಲಿಗೆ ಆನಿಕೊಂಡು, ಏನಾದರೂ ಅಂದಾರು ಎಂದು ಕಾದಳು. ಸಾಹೇಬರು ಒಂದು ತುತ್ತು ಬಾಯಿಗಿಟ್ಟರು, ಆಡಿಸಿದರು, ಮೂರು ಬೆರಳು ಎತ್ತಿದರು. ಪಾಪ, ಆ ಹುಡುಗಿ ಇನ್ನೂ ಮೂರು ಸೌಟು ಬೇಕೇನೋ ಅಂದುಕೊಂಡು ಬಡಿಸಲು ಹೋದಳು. ಆಮೇಲೆ ಕಲಿತಳು. ಕಲಿಯದೆ ಎಲ್ಲಿಗೆ ಹೋಗುತ್ತಾಳೆ.

ಎರಡು ಬೆರಳು ಬಂದ ದಿನ ಅವಳು ಪಾತ್ರೆ ತೊಳೆಯುವಾಗ ಗುನುಗುತ್ತಿದ್ದಳು. ಮುಷ್ಟಿ ಬಂದ ದಿನ ಆ ಪಾತ್ರೆಯಲ್ಲಿದ್ದದ್ದನ್ನೆಲ್ಲ ತಾನೊಬ್ಬಳೇ ಎರಡು ಹೊತ್ತು ತಿಂದು ಮುಗಿಸುತ್ತಿದ್ದಳು. ಮಗಳ ಮದುವೆಯ ಮಾತುಕತೆಗೆ ಬಂದ ಬೀಗರು ಊಟಕ್ಕೆ ಕೂತಾಗಲೂ ಸಾಹೇಬರು ತುತ್ತು ಆಡಿಸಿ ಮುಷ್ಟಿ ಕಟ್ಟಿ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದರು. ಬೀಗಿತ್ತಿ ಇದೇನೆಂದು ಕೇಳಿದಳು. ಸಾಹೇಬರು ಸಮಾಧಾನವಾಗಿ, ವಿವರವಾಗಿ ಹೇಳಿದರು. ಎಲ್ಲರೂ ನಕ್ಕರು. ಮಗಳೂ ನಕ್ಕಳು, ಅದು ತಾಯಿಗೆ ಬಹಳ ದಿನ ಚುಚ್ಚಿತು.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಆ ನಾಲಿಗೆ ಸುಳ್ಳು ಹೇಳುತ್ತಿರಲಿಲ್ಲ. ಮೂರು ಬೆರಳು ಕಂಡ ದಿನ ಅವಳು ಒಳಗೆ ಹೋಗಿ ಮತ್ತೆ ಬಾಯಿಗೆ ಹಾಕಿ ನೋಡಿದರೆ, ಹೌದು, ಎಣ್ಣೆ ಹಳತಾಗಿರುತ್ತಿತ್ತು. ಬೇಳೆಗೆ ತಳ ಹಿಡಿದ ವಾಸನೆ ಎಳೆಯಷ್ಟು ಸೇರಿರುತ್ತಿತ್ತು. ಅಕ್ಕಪಕ್ಕದವರು, ನೆಂಟರು, ಮದುವೆಯಾಗಿ ದೂರ ಹೋದ ಮಗಳು, ಎಲ್ಲರೂ ನಿನ್ನ ಕೈರುಚಿ ಯಾರಿಗೂ ಬರುವುದಿಲ್ಲ ಅನ್ನುತ್ತಿದ್ದರು. ಅವಳಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. ಅವರಿಗೇನು ಗೊತ್ತು. ಆ ಮನೆಯಲ್ಲಿ ಒಮ್ಮೆಯೂ ಏಳದ ಆ ಒಂದು ಬೆರಳು ಏಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದು. ಹಲ್ಲು ಕಚ್ಚಿಕೊಂಡು ಸಂಸಾರ ಮಾಡಿದಳು ಅಂತಾರಲ್ಲ, ಆ ಜಾತಿಯ ಹೆಂಗಸು.

ಸಾಹೇಬರ ಹಲ್ಲಿನ ವಿಷಯಕ್ಕೆ ಬರೋಣ. ಅವರ ಮೇಲಿನ ದವಡೆಯಲ್ಲಿ ಬಂಗಾರದ ಟೋಪಿ ತೊಡಿಸಿದ ಒಂದು ಹಲ್ಲಿತ್ತು. ಹೆಂಡತಿ ಏನಾದರೂ ಎದುರು ಹೇಳಲು ಬಾಯಿ ತೆರೆದರೆ, "ಮಾತು ಬೆಳ್ಳಿ, ಮೌನ ಬಂಗಾರ" ಎಂದು ತುಟಿ ಸರಿಸಿ ಆ ಹಲ್ಲನ್ನು ತೋರಿಸುತ್ತಿದ್ದರು. ಅವಳು ಸುಮ್ಮನಾಗುತ್ತಿದ್ದಳು. ಯಾಕೆಂದರೆ ಆ ಬಂಗಾರ ಅವಳದೇ. ಅಮ್ಮ ಸಾಯುವ ಮುಂಚೆ ಕಿವಿಯಿಂದ ಬಿಚ್ಚಿ ಕೊಟ್ಟ ಒಂದು ಜೊತೆ ಓಲೆ, ಅದರಲ್ಲಿ ಒಂದು ಕಳೆದುಹೋಗಿತ್ತು. "ಒಂಟಿ ಓಲೆ ಇಟ್ಕೊಂಡು ಯಾವ ಕಿವಿಗೆ ಹಾಕ್ಕೋತೀಯ" ಎಂದು ಸಾಹೇಬರು ಉಳಿದದ್ದನ್ನು ತೆಗೆದುಕೊಂಡು ಹೋಗಿ ಹಲ್ಲಿಗೆ ಕರಗಿಸಿದರು. ಕೆಲವು ವರ್ಷ ಕಳೆದು ಹಳೆಯ ಕಪಾಟು ಸರಿಸಿದಾಗ, ಕಳೆದುಹೋದದ್ದು ಗೋಡೆಯ ಸಂದಿಯಲ್ಲಿ ಧೂಳು ಮೆತ್ತಿಕೊಂಡು ಕೂತಿತ್ತು. ಅವಳು ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕಿಟ್ಟಳು. ಆಗಾಗ ತೆಗೆದು ಕನ್ನಡಿಯ ಮುಂದೆ ಒಂದೇ ಕಿವಿಗೆ ಹಿಡಿದು ನೋಡುತ್ತಿದ್ದಳು. ಅದರ ಜೋಡಿ ಗಂಡನ ಬಾಯಲ್ಲಿ ಊಟ ಮಾಡುತ್ತಿತ್ತು.

ಅದೇ ಟೋಪಿ ಹಲ್ಲಿಗೆ ನೇರ ಕೆಳಗಿನ ದವಡೆ ಹಲ್ಲು ಈಗ ಹುಳುಕಾಯಿತು. ಬಿಸಿ ಚಹಾ ತಾಗಿದರೆ ಸಾಹೇಬರು ಕಣ್ಣು ಮುಚ್ಚಿ ಮೇಜು ಹಿಡಿದುಕೊಳ್ಳುತ್ತಿದ್ದರು. ನೋವಿಗಿಂತ ಅವರಿಗೆ ಹೆದರಿಕೆ ಹೆಚ್ಚು. ಹಲ್ಲು ಹೋದರೆ ಹೋಗಲಿ, ಇನ್ನೊಂದಿದೆ. ಆದರೆ ಅದರ ಪಕ್ಕದಲ್ಲೇ ಅನ್ನ ಹುಟ್ಟಿಸುವ ನಾಲಿಗೆ ಇದೆ. ಹಲ್ಲಿಗೆ ತುಂಬುವ ಮದ್ದಿನ ರುಚಿ ನಾಲಿಗೆಗೆ ಅಂಟಿತೋ, ಗೋದಾಮಿನ ಕುರ್ಚಿ ಹೋಯಿತೆಂದೇ ಲೆಕ್ಕ. ಆ ಕುರ್ಚಿಯ ಹಿಂದೆ ಎರಡನೆಯ ರುಚಿಗಾರ ವರ್ಷಾನುಗಟ್ಟಲೆಯಿಂದ ನಿಂತೇ ಇದ್ದ. ಅವನನ್ನು ಎಲ್ಲರೂ ಚಮಚ ಅನ್ನುತ್ತಿದ್ದರು.

ಹೆಂಡತಿಯನ್ನು ಕರೆದುಕೊಂಡು ಸಾಹೇಬರು ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಚುರುಕಿನ ಹೆಂಗಸು, ಕನ್ನಡಕ ಹಣೆಯ ಮೇಲೆ, ಮಾತು ನಾಲಿಗೆಯ ತುದಿಯಲ್ಲಿ. ದೀಪ ಹಿಡಿದು ನೋಡಿ, ಹುಳುಕಿಗೆ ಏನೇನು ತುಂಬಬಹುದೆಂದು ಸಾಹೇಬರು ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟಳು.

"ಬಿಳೀದು ನೋಡೋಕೆ ಚೆನ್ನ ಸರ್, ಹಲ್ಲಿನ ಬಣ್ಣಾನೇ. ಆದ್ರೆ ನಿಮ್ಮ ಥರ ದಿನವಿಡೀ ಚಹಾ ಆಡಿಸೋರಿಗೆ ಕಲೆ ಕಟ್ಟುತ್ತೆ. ಲವಂಗದ ಎಣ್ಣೆ ಸಿಮೆಂಟು ನೋವು ಇಳಿಸುತ್ತೆ, ಆದ್ರೆ ಅದು ತಾತ್ಕಾಲಿಕ, ಬಾಯೆಲ್ಲ ಲವಂಗ. ಗಟ್ಟಿ ಅಂದ್ರೆ ಬೆಳ್ಳೀದು, ಕಲ್ಲು ಕಡಿದ್ರೂ ಜಗ್ಗಲ್ಲ. ಆದ್ರೆ ನಿಮಗೆ ಅದು ಬೇಡ."

"ಯಾಕೆ?"

"ಮೇಲೆ ಬಂಗಾರ ಇದೆಯಲ್ಲ. ಮೇಲೆ ಬಂಗಾರ, ಕೆಳಗೆ ಬೆಳ್ಳಿ, ಮಧ್ಯ ಎಂಜಲು. ಅದೊಂದು ಸಣ್ಣ ಬ್ಯಾಟರಿ ಆಗುತ್ತೆ. ಹಲ್ಲಿಗೆ ಹಲ್ಲು ತಾಗಿದಾಗ ಕೆಲವ್ರಿಗೆ ಝುಂ ಅನ್ನುತ್ತೆ, ಬಾಯಲ್ಲಿ ಯಾವಾಗ್ಲೂ ಕಬ್ಬಿಣ ನೆಕ್ಕಿದ ಹಾಗಿರುತ್ತೆ. ತುಂಬಾ ಜನಕ್ಕೆ ಬರಬರ್ತಾ ಹೋಗುತ್ತೆ. ಕೆಲವ್ರಿಗೆ ಹೋಗಲ್ಲ."

"ಹಾಗಿದ್ರೆ ಬಂಗಾರಕ್ಕೆ ಬಂಗಾರ?"

"ಅದೇನೋ ಒಳ್ಳೇದೇ. ಒಂದೇ ಲೋಹ, ಜಗಳ ಇಲ್ಲ. ಚಿನ್ನ ನೀವೇ ತಂದ್ರೆ ನನಗೆ ಗೊತ್ತಿರೋರು ಅಚ್ಚು ಮಾಡಿಕೊಡ್ತಾರೆ. ಯೋಚನೆ ಮಾಡ್ಕೊಂಡು ಬನ್ನಿ."

ಸಾಹೇಬರು ಯೋಚನೆ ಮಾಡಿದರು. ಮನೆಯಲ್ಲಿ ಬೇರೆ ಮಾತೇ ಇಲ್ಲ. ಬಿಳಿಯದು ಅಂದರೆ ಪ್ಲಾಸ್ಟಿಕ್ಕು, ಬಿಸಿ ತಾಗಿದರೆ ಬಕೆಟ್ಟು ನೆಕ್ಕಿದ ಹಾಗಾಗುತ್ತದೆ ಅಂದರು. ಲವಂಗ ಅಂದರೆ ನಾಲಿಗೆಗೆ ಗೋರಿ ಅಂದರು. ಬೆಳ್ಳಿಯ ಹೆಸರು ಎತ್ತಿದಾಗಲೆಲ್ಲ ತಾವಾಗಿಯೇ ಮುಷ್ಟಿ ಕಟ್ಟುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ಊಟದ ನಡುವೆ ತೀರ್ಮಾನ ಹೊರಬಿತ್ತು.

"ಆ ಇನ್ನೊಂದು ಓಲೆ ಸಿಕ್ಕಿತ್ತಲ್ಲ, ಅದನ್ನ ತೆಗೆದಿಡು."

ಅವಳ ಕೈಯಲ್ಲಿ ಸೌಟು ನಿಂತಿತು. "ಅದು ಅಮ್ಮಂದು."

"ಮೇಲಿರೋದೂ ನಿಮ್ಮಮ್ಮಂದೇ. ಒಂದು ಮೇಲೆ ಒಂದು ಕೆಳಗೆ. ಇಷ್ಟು ವರ್ಷ ಆದ್ಮೇಲೆ ಜೋಡಿ ಸೇರಿಸ್ತಾ ಇದೀನಿ, ನಿನಗೆ ಖುಷಿ ಆಗ್ಬೇಕು." ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು, ಆಡಿಸಿ, ಮೂರು ಬೆರಳು ಎತ್ತಿದರು.

ಅವಳು ಅಳಲಿಲ್ಲ. ಆದರೆ ಆ ದಿನ ಪಾತ್ರೆ ತೊಳೆಯುವಾಗ ಒಂದು ಗಾಜಿನ ಲೋಟ ಅವಳ ಕೈಯಲ್ಲೇ ಒಡೆಯಿತು. ಬಿದ್ದು ಒಡೆದದ್ದಲ್ಲ, ಹಿಡಿದೇ ಒಡೆದದ್ದು.

ಗೊತ್ತು ಮಾಡಿದ ದಿನ ಇಬ್ಬರೂ ಹೊರಟರು. ಓಲೆ ಅವಳ ಕೈಚೀಲದಲ್ಲಿತ್ತು, ಅದೇ ಬಟ್ಟೆಯ ಸುತ್ತಿನಲ್ಲಿ. ಸಾಹೇಬರು ಕುರ್ಚಿಯಲ್ಲಿ ಒರಗುತ್ತಲೇ ತಮ್ಮ ತೀರ್ಮಾನ ಹೇಳಲು ಹೋದರು. ಡಾಕ್ಟರಮ್ಮನ ಕೆಲಸದ ರೀತಿಯೇ ಬೇರೆ: ಮೊದಲು ಬಾಯಿ, ಆಮೇಲೆ ಮಾತು.

"ಮೊದಲು ಒಳಗೆ ಏನಿದೆ ನೋಡೋಣ ಸರ್. ಹುಳುಕು ಎಷ್ಟು ಆಳ ಅಂತ ಗೊತ್ತಾಗ್ದೆ ಯಾವ್ದು ಅಂತ ಹೇಗೆ ಹೇಳೋದು? ಆ ಅನ್ನಿ."

ಸಾಹೇಬರು ಆ ಅಂದರು. ಸೂಜಿ ಹೋಯಿತು. ನಾಲಿಗೆಯ ಅರ್ಧ ಭಾಗ ಮರಗಟ್ಟಿತು. ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು ಕೊಂಡಿ ಹಾಕಿದರು; ತುಟಿಯ ಮೂಲೆಯಲ್ಲಿ ಎಂಜಲು ಹೀರುವ ಕೊಳವೆ ಗೊರಗೊರ ಅನ್ನತೊಡಗಿತು. ಇಡೀ ಊರಿನ ಚಹಾಕ್ಕೆ ತೀರ್ಪು ಕೊಡುವ ಬಾಯಿ ತೆರೆದ ಚರಂಡಿಯ ಹಾಗೆ ಬಿದ್ದಿತ್ತು. ಅವಳು ಮೂಲೆಯ ಸ್ಟೂಲಿನ ಮೇಲೆ ಕೂತು ಅದನ್ನು ನೋಡಿದಳು. ಹೀಗೆ ಅವರನ್ನು ಮೇಲಿನಿಂದ ಅವಳು ಎಂದೂ ನೋಡಿರಲಿಲ್ಲ.

ಡ್ರಿಲ್ಲು ನಿಂತಿತು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡಳು. "ಆಳ ಇದೆ. ನರ ಕೂದಲೆಳೆ ದೂರದಲ್ಲಿದೆ. ಈಗ ಹೇಳಿ ಸರ್, ಏನು ತುಂಬೋಣ? ತಲೆ ಮಾತ್ರ ಅಲ್ಲಾಡಿಸ್ಬೇಡಿ, ಸಾಮಾನು ಒಳಗಿದೆ. ಕೈಯಲ್ಲಿ ತೋರಿಸಿದ್ರೆ ಸಾಕು."

ಸಾಹೇಬರಿಗೆ ಕೈಯಲ್ಲಿ ತೋರಿಸುವುದು ಹೊಸತೇ? ಬಲಗೈ ಮೇಲೆದ್ದಿತು. ತೋರುಬೆರಳೊಂದು ನೆಟ್ಟಗೆ ನಿಂತಿತು. ಆಮೇಲೆ ಅದು ನಿಧಾನವಾಗಿ ತಿರುಗಿ, ಹೆಂಡತಿಯ ತೊಡೆಯ ಮೇಲಿದ್ದ ಕೈಚೀಲದ ಕಡೆಗೆ ಬಾಗಿತು.

ಅವಳು ಆ ಬೆರಳನ್ನು ನೋಡಿದಳು. ಒಂದು. ಮೊದಲ ದರ್ಜೆ. ಇಡೀ ಸಂಸಾರದಲ್ಲಿ ಮೊತ್ತಮೊದಲ ಬಾರಿಗೆ ಅವಳ ಕಡೆಗೆ ಒಂದು ಬೆರಳು ಎದ್ದಿತ್ತು, ಅದೂ ಓಲೆಗೆ.

"ಏನಂತಿದಾರೆ ಅಮ್ಮಾ? ಒಂದು ಅಂದ್ರೆ ಯಾವ್ದು?" ಡಾಕ್ಟರಮ್ಮ ಕೇಳಿದಳು.

"ಬೆಳ್ಳೀದು ಹಾಕಿ ಅಂತಿದಾರೆ," ಅಂದಳು ಅವಳು.

ಕುರ್ಚಿಯ ಕಡೆಯಿಂದ, ಗಂಟಲಿನ ತಳದ ಒಂದು ಸದ್ದು ಬಂತು. ಬೆರಳು ಮಡಚಿತು. ಮುಷ್ಟಿ ಬಿಗಿಯಿತು, ಮೇಲೆದ್ದಿತು, ಗಾಳಿಯಲ್ಲಿ ಅಲ್ಲಾಡಿತು. ಬೀಗರ ಮುಂದೆ ಎದ್ದ ಅದೇ ಮುಷ್ಟಿ.

"ಇದೇನು, ಮುಷ್ಟಿ?"

"ಮುಷ್ಟಿ ಅಂದ್ರೆ ಗಟ್ಟಿ ಅಂತ. ಗಟ್ಟಿ ಇರೋದನ್ನೇ ಹಾಕಿ ಅಂತ. ಮನೇಲೂ ಹೀಗೇ, ನಮಗೆಲ್ಲ ಅಭ್ಯಾಸ."

ಡಾಕ್ಟರಮ್ಮ ಅನುಮಾನದಿಂದ ಸಾಹೇಬರ ಮುಖ ನೋಡಿದಳು. "ಮೇಲೆ ಬಂಗಾರ ಇದೆ, ಝುಂ ಅನ್ನಬಹುದು ಅಂತ ಹೇಳಿದ್ನಲ್ಲ. ನೆನಪಿದೆಯಾ ಇವರಿಗೆ?"

"ಅಯ್ಯೋ, ಅವರಿಗೆ ಗೊತ್ತಿಲ್ದೇ ಇರೋದು ಏನಿದೆ ಡಾಕ್ಟ್ರೇ. ವಾರಗಟ್ಟಲೆ ಅದನ್ನೇ ಯೋಚನೆ ಮಾಡಿದಾರೆ. ಬೇರೆಯೋರಿಗೆ ಝುಂ ಅನ್ನಬಹುದು, ನನ್ನ ನಾಲಿಗೆ ಪಳಗಿದ ನಾಲಿಗೆ ಅಂತಾರೆ."

ಇದು ಸಾಹೇಬರೇ ಹೇಳುವ ಮಾತಿನ ಹಾಗೆ ಎಷ್ಟು ಸಹಜವಾಗಿತ್ತೆಂದರೆ, ಡಾಕ್ಟರಮ್ಮನಿಗೆ ನಗು ಬಂತು. ಮುಷ್ಟಿ ಇನ್ನೂ ಜೋರಾಗಿ ಬಡಿಯಿತು, ಕುರ್ಚಿಯ ಕೈಗೆ ತಾಗಿ ತಟ್ಟೆಯ ಸಾಮಾನು ಗಲಗಲ ಅಂದಿತು. "ಸರ್, ಸರ್, ಅಲ್ಲಾಡ್ಬೇಡಿ, ನರಕ್ಕೆ ತಾಗುತ್ತೆ."

ಅವಳು ಎದ್ದು ಬಂದು ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಟ್ಟಿಯಾಗಿ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. "ಹೆದರ್ಕೋತಾರೆ, ಅಷ್ಟೇ. ನಾನು ಹಿಡ್ಕೋತೀನಿ, ನೀವು ಹಾಕಿ."

ಎಂಥ ಹೆಂಡತಿ ಎಂದು ಡಾಕ್ಟರಮ್ಮನಿಗೆ ಕರುಳು ಚುರ್ ಅಂದಿರಬೇಕು. ಆಕೆ ಬೂದು ಬಣ್ಣದ ಹಿಟ್ಟನ್ನು ತುಂಬಿ, ಒತ್ತಿ, ಒತ್ತಿ, ಕೆರೆದು ನುಣುಪು ಮಾಡುವಷ್ಟು ಹೊತ್ತೂ ಸಾಹೇಬರ ಎರಡು ಕಣ್ಣು ಹೆಂಡತಿಯ ಮುಖದ ಮೇಲೆ ನೆಟ್ಟಿದ್ದವು. ಅವಳು ಕಣ್ಣು ತಪ್ಪಿಸಲಿಲ್ಲ. ಅವಳಿಗೆ ಹೆದರಿಕೆಯಾಗಲಿಲ್ಲವೇ ಅಂದರೆ, ಆಯಿತು. ಆದರೆ ಆ ಹೆದರಿಕೆಯ ಕೆಳಗೆ ಒಂದು ಸುಖವಿತ್ತು, ಅದನ್ನು ಅವಳು ಯಾರಿಗೂ ಹೇಳುವ ಹಾಗಿರಲಿಲ್ಲ.

ಕೊಂಡಿ ಬಿಚ್ಚಿದರು. ಸಾಹೇಬರು ಎದ್ದು ಕೂತರು. ಬೆಳ್ಳಿ ಬೇಡ ಅನ್ನಬೇಕಿತ್ತು ಅನ್ನಿ. ಮರಗಟ್ಟಿದ ತುಟಿಯಿಂದ "ವೆವ್ವಿ, ವೆವ್ವಿ" ಎಂಬ ಸದ್ದಷ್ಟೇ ಜೊಲ್ಲಿನ ಜೊತೆ ಬಂತು.

"ಹೌದು ಸರ್, ಬೆಳ್ಳೀನೇ ಹಾಕಿದೀನಿ," ಅಂದಳು ಡಾಕ್ಟರಮ್ಮ ಪ್ರೀತಿಯಿಂದ. "ಏನಾದ್ರೂ ತೊಂದರೆ ಆದ್ರೆ ಬನ್ನಿ, ತೆಗೆದು ಬೇರೆ ಹಾಕ್ತೀನಿ. ಅಮ್ಮ ಜೊತೆಗಿದ್ದಿದ್ದು ಒಳ್ಳೇದಾಯ್ತು, ಇಲ್ದಿದ್ರೆ ನಿಮ್ಮ ಬೆರಳು ನನಗೆಲ್ಲಿ ಅರ್ಥ ಆಗ್ತಿತ್ತು."

ದಾರಿಯುದ್ದಕ್ಕೂ ಅವಳು ಕಾದಳು. ಮರಗಟ್ಟಿದ್ದು ಇಳಿಯಲಿ, ಬಯ್ಯುತ್ತಾರೆ, ಕೈ ಎತ್ತಿದರೂ ಎತ್ತಿಯಾರು. ಮನಸ್ಸಿನಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದಳು: ಯಾಕೆ ಹೀಗೆ ಮಾಡಿದೆ ಎಂದು ಅವರು ಒಂದು ಸಲ ಕೇಳಲಿ, ಕೇಳಿದ ತಕ್ಷಣ ಎಲ್ಲ ಹೇಳಿಬಿಡುತ್ತೇನೆ, ಬೆಳಗ್ಗೆ ತಾನೇ ಕರೆದುಕೊಂಡು ಹೋಗಿ ತೆಗೆಸುತ್ತೇನೆ, ಬೇಕಾದರೆ ಓಲೆಯನ್ನೂ ಕೊಡುತ್ತೇನೆ. ಒಂದೇ ಒಂದು ಪ್ರಶ್ನೆ.

ಸಾಹೇಬರು ಕೇಳಲಿಲ್ಲ. ಕೇಳುವುದೆಂದರೆ ಹೆಂಡತಿ ತಮ್ಮನ್ನು ಗೆದ್ದಳೆಂದು ಒಪ್ಪಿದ ಹಾಗೆ. ಡಾಕ್ಟರಮ್ಮನ ಹತ್ತಿರ ವಾಪಸ್ಸು ಹೋಗುವುದೆಂದರೆ ಮೂರನೆಯವರ ಮುಂದೆ ಒಪ್ಪಿದ ಹಾಗೆ. ಮಾರನೆಯ ದಿನ ಗೋದಾಮಿನಲ್ಲಿ ಚಮಚ, ಯಾವುದು ಹಾಕಿಸಿದಿರಿ ಎಂದು ಕೇಳಿದ್ದಕ್ಕೆ, "ಬೆಳ್ಳಿ. ನಾನೇ ಹೇಳಿ ಹಾಕಿಸ್ಕೊಂಡೆ, ಅದೇ ಗಟ್ಟಿ" ಅಂದರಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ.

ಬಾಯಿ ಮಾತ್ರ ಮೀಸೆಯ ಮಾತು ಕೇಳಲಿಲ್ಲ. ಮೇಲಿನ ಓಲೆ ಕೆಳಗಿನ ಬೆಳ್ಳಿಗೆ ತಾಗಿದಾಗಲೆಲ್ಲ ಕಿವಿಯ ಬುಡದವರೆಗೆ ಮಿಂಚು ಹೊಡೆಯುತ್ತಿತ್ತು. ಊಟದ ನಡುವೆ ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಗುವುದನ್ನು ಅವಳು ಬಾಗಿಲಿಗೆ ಆನಿಕೊಂಡು ನೋಡುತ್ತಿದ್ದಳು. ದಿನ ಕಳೆದ ಹಾಗೆ ಮಿಂಚು ಕಡಿಮೆಯಾಯಿತು, ರುಚಿ ಕಡಿಮೆಯಾಗಲಿಲ್ಲ. ಬೆಳಗ್ಗೆ ಎದ್ದರೆ ಕಬ್ಬಿಣ, ನೀರು ಕುಡಿದರೆ ಕಬ್ಬಿಣ. ಎಷ್ಟೋ ಜನಕ್ಕೆ ಹೋಗುವ ಆ ಕಾಟ ಸಾಹೇಬರಿಗೆ ಹೋಗಲಿಲ್ಲ. ಪಳಗಿದ ನಾಲಿಗೆ ನೋಡಿ, ಯಾವುದನ್ನೂ ಬಿಡುವುದಿಲ್ಲ.

ಗೋದಾಮಿನಲ್ಲಿ ಮುಷ್ಟಿಗಳ ಮಳೆ ಸುರಿಯಿತು. ಒಳ್ಳೊಳ್ಳೆಯ ತೋಟಗಳ ಪುಡಿ ವಾಪಸ್ಸು ಹೋಯಿತು. ಈ ಸಲ ಎಲೆಯೇ ಕೆಟ್ಟಿದೆ, ಕೆಟಲು ತುಕ್ಕು ಹಿಡಿದಿದೆ ಎಂದು ಸಾಹೇಬರು ಹೊಸ ಕೆಟಲು ತರಿಸಿದರು. ಕುಣಿಯಲಾರದವಳಿಗೆ ನೆಲ ಡೊಂಕು. ತೋಟದವರು ಗಲಾಟೆ ಮಾಡಿದ ಮೇಲೆ ಹೆದರಿ, ಉಲ್ಟಾ ಹೊಡೆದು, ಕಂಡದ್ದಕ್ಕೆಲ್ಲ ಒಂದು ಬೆರಳು ಎತ್ತತೊಡಗಿದರು. ಆಗ ಕೊಂಡವರು ಗಲಾಟೆ ಮಾಡಿದರು.

ಕೊನೆಗೆ ನಡೆದದ್ದನ್ನು ಚಮಚನೇ ಮನೆಗೆ ಬಂದು ಹೇಳಿದ. ಸಾಹೇಬರು ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದ, ಮುಖದಲ್ಲಿ ದುಃಖ, ಕಣ್ಣಲ್ಲಿ ಬೆಳಕು.

"ಅತ್ತಿಗೇ, ಯಜಮಾನ್ರು ಮೂರು ಬಟ್ಟಲು ಇಡ್ಸಿದ್ರು. ಮೂರೂ ಒಂದೇ ಕೆಟಲಿಂದ ಬಗ್ಗಿಸಿದ್ದು. ನನ್ನ ಕೈಯಲ್ಲೇ ಬಗ್ಗಿಸಿದ್ರು, ನಾನೇನ್ಮಾಡ್ಲಿ. ಸಾಹೇಬ್ರು ಮೊದಲನೇದಕ್ಕೆ ಒಂದು ತೋರ್ಸಿದ್ರು. ಎರಡನೇದಕ್ಕೆ ಮೂರು. ಮೂರನೇದಕ್ಕೆ..." ಅವನು ಮುಷ್ಟಿ ಕಟ್ಟಿ ತೋರಿಸಿದ. "ಯಾರೂ ನಗ್ಲಿಲ್ಲ ಅತ್ತಿಗೇ. ನಕ್ಕಿದ್ರೇ ವಾಸಿ ಇತ್ತು."

"ಅವರೇನಂದ್ರು?"

"ಏನೂ ಇಲ್ಲ. ಯಜಮಾನ್ರು ಹಲ್ಲಿಂದ ಹೀಗಾಗಿದೆಯಾ, ತೆಗೆಸಿ ಬರ್ತೀರಾ, ರಜೆ ಕೊಡ್ತೀನಿ ಅಂತ ಕೇಳಿದ್ರು. ಇಲ್ಲ, ಹಲ್ಲಿಗೆ ಏನೂ ಆಗಿಲ್ಲ, ನಾನೇ ಆರಿಸಿದ್ದು ಅಂದ್ರು. ಅಲ್ಲಿಗೆ ಮುಗೀತು." ಚಮಚ ಕುಡಿದ ನೀರಿನ ಲೋಟ ಕೆಳಗಿಟ್ಟ. "ಎಂಥಾ ನಾಲಿಗೆ ಅತ್ತಿಗೇ ಅದು. ಇನ್ನು ಹುಟ್ಟಲ್ಲ."

ಬೀಳ್ಕೊಡುಗೆಯಲ್ಲಿ ಗೋದಾಮಿನವರು ಸಾಹೇಬರಿಗೆ ಒಂದು ಚಮಚ ಕೊಟ್ಟರು, ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿಸಿದ್ದು. ಬೆಳ್ಳಿಯದು. ಕೊಟ್ಟವರಿಗೆ ಒಳಗಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದೇ ಕೊಟ್ಟರೋ ಏನೋ, ಗೋದಾಮಿನವರನ್ನು ನಂಬಲಾಗದು.

ಅಂದು ಸಾಹೇಬರು ಮಧ್ಯಾಹ್ನಕ್ಕೇ ಮನೆಗೆ ಬಂದು, ಪೆಟ್ಟಿಗೆಯನ್ನು ಕಿಟಕಿಯ ಮೇಲಿಟ್ಟು, ಊಟಕ್ಕೆ ಕೂತರು. ಅವಳು ಬೆಳಗ್ಗೆಯಿಂದ ಒಲೆಯ ಮುಂದೆಯೇ ಇದ್ದಳು. ಯಾಕೆಂದು ಅವಳಿಗೂ ತಿಳಿಯದು. ತಪ್ಪು ಮಾಡಿದ ಕೈ ಸುಮ್ಮನಿರಲಾರದೆ ಏನೇನೋ ಹೆಚ್ಚಿತು, ಹುರಿಯಿತು. ಬದನೆಕಾಯಿ ಬೆಣ್ಣೆಯ ಹಾಗೆ ಬೆಂದಿತ್ತು. ಬೇಳೆಗೆ ಒಗ್ಗರಣೆ ಸರಿಯಾದ ಗಳಿಗೆಯಲ್ಲಿ ಬಿದ್ದಿತ್ತು. ಬಡಿಸಿ ಬಾಗಿಲಿಗೆ ಆನಿಕೊಂಡಳು.

ಸಾಹೇಬರು ತುತ್ತು ಬಾಯಿಗಿಟ್ಟರು. ಆಡಿಸಿದರು. ನುಂಗಿದರು. ಬಲಗೈ ಮೇಲೆದ್ದಿತು. ಒಂದು ಬೆರಳು.

ಅವಳ ಎದೆ ಧಸಕ್ಕೆಂದಿತು. ನಾಚಿಕೆಯಿಲ್ಲದ ಎದೆ, ಅದಕ್ಕೇನು ಗೊತ್ತು. ಒಂದು ಗಳಿಗೆ ಅವಳು ಕ್ಲಿನಿಕ್ಕು, ಬೆಳ್ಳಿ, ಮೂರು ಬಟ್ಟಲು ಎಲ್ಲ ಮರೆತು, ಹೊಸ ಮದುವಣಗಿತ್ತಿಯ ಹಾಗೆ ಕೆನ್ನೆ ಕೆಂಪಗೆ ಮಾಡಿಕೊಂಡು ನಿಂತಳು. ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ಅತ್ತಳು. ಅದು ಖುಷಿಯ ಅಳುವೇ.

ಮರುದಿನವೂ ಒಂದು ಬೆರಳು. ಅದರ ಮರುದಿನವೂ. ಮುಂದೊಂದು ದಿನ ನೆರೆಯವಳ ಜೊತೆ ಮಾತಿಗೆ ನಿಂತು ಗಂಜಿಗೆ ಉಪ್ಪು ಹಾಕುವುದು ಮರೆತಳು. ಸಾಹೇಬರು ಉಂಡು, ಒಂದು ಬೆರಳು ಎತ್ತಿ, ಎದ್ದುಹೋದರು. ಆಮೇಲೆ ತಾನು ಉಣ್ಣಲು ಕೂತಾಗ ಮೊದಲ ತುತ್ತಿಗೇ ಅವಳ ಕೈ ನಿಂತಿತು. ಸಪ್ಪೆ. ತೊಳೆದ ಅಕ್ಕಿಯ ನೀರು ಇದಕ್ಕಿಂತ ವಾಸಿ.

ಆಗ ಅವಳಿಗೆ ತಿಳಿಯಿತು. ತಿಳಿದದ್ದನ್ನು ನಂಬಲು ಮನಸ್ಸಾಗದೆ ಪರೀಕ್ಷೆ ಮಾಡಿದಳು. ಬೇಳೆಗೆ ಕೈತುಂಬ ಉಪ್ಪು ಸುರಿದಳು: ಒಂದು ಬೆರಳು. ಪಲ್ಯವನ್ನು ಬೇಕೆಂದೇ ಸೀಯಿಸಿದಳು: ಒಂದು ಬೆರಳು. ಹಾಗಲಕಾಯಿಯನ್ನು ಬರೀ ನೀರಲ್ಲಿ ಬೇಯಿಸಿ ತಟ್ಟೆಗೆ ಹಾಕಿದಳು. ಸಾಹೇಬರು ಅದನ್ನು ಬೀಗರ ಮನೆಯ ಸಿಹಿಯ ಹಾಗೆ ನಿಧಾನವಾಗಿ ಅಗಿದು, ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದರು.

ಅವಳಿಗೆ ತಡೆಯಲಾಗಲಿಲ್ಲ. ಬಾಗಿಲು ಬಿಟ್ಟು ಬಂದು ಎದುರಿಗೆ ಕೂತಳು. ಅವರ ಎದುರಿಗೆ ಊಟದ ಹೊತ್ತಲ್ಲಿ ಕೂತದ್ದು ಅದೇ ಮೊದಲು.

"ರೀ, ಅದರಲ್ಲಿ ಉಪ್ಪಿಲ್ಲ. ಹುಳಿಯಿಲ್ಲ. ಏನೂ ಇಲ್ಲ."

ಸಾಹೇಬರು ಇನ್ನೊಂದು ತುತ್ತು ತೆಗೆದುಕೊಂಡರು.

"ನಿಮಗೇನೂ ಗೊತ್ತಾಗ್ತಾ ಇಲ್ವಾ?"

"ಗೊತ್ತಾಗ್ಬೇಕಾ?" ಸಾಹೇಬರು ತಟ್ಟೆಯಿಂದ ತಲೆ ಎತ್ತಿದರು. ಕ್ಲಿನಿಕ್ಕಿನ ಕುರ್ಚಿಯಿಂದ ಅವಳನ್ನು ನೋಡಿದ್ದ ಅದೇ ಕಣ್ಣು. "ನಿನಗೆ ಬೇಕಾಗಿದ್ದು ಇದೇ ತಾನೆ? ಬಾಗಿಲಲ್ಲಿ ನಿಂತ್ಕೊಂಡು ಬೆರಳನ್ನೇ ನೋಡ್ತಿದ್ದೆ, ನನಗೇನು ಗೊತ್ತಿರ್ಲಿಲ್ವಾ. ತಗೋ. ಇನ್ಮೇಲೆ ದಿನಾ ಕೊಡ್ತೀನಿ. ಎರಡು ಹೊತ್ತೂ ಕೊಡ್ತೀನಿ. ಮಣ್ಣು ಬೇಯಿಸಿ ಹಾಕು, ಅದಕ್ಕೂ ಕೊಡ್ತೀನಿ."

ಮೊದಲ ದಿನದ ಆ ಬದನೆಕಾಯಿ, ಆ ಬೇಳೆ, ಗೋಡೆಗೆ ಹಣೆ ಒತ್ತಿ ಅತ್ತ ಆ ಖುಷಿಯ ಅಳು. ಅದು ನಿಜವಾಗಿಯೂ ಮೊದಲ ದರ್ಜೆಯದ್ದೇ ಇತ್ತೇನೋ. ಅದನ್ನು ಹೇಳಬಲ್ಲ ನಾಲಿಗೆ ಈ ಭೂಮಿಯ ಮೇಲೆ ಒಂದೇ ಇತ್ತು, ಅದನ್ನು ಅವಳೇ, ಆ ಮುಷ್ಟಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡು, ಕೊಲ್ಲಿಸಿದ್ದಳು.

ಎದ್ದು ಒಳಗೆ ಹೋದಳು. ಪೆಟ್ಟಿಗೆಯ ತಳದಿಂದ ಬಟ್ಟೆಯ ಸುತ್ತು ತಂದು, ಬಿಚ್ಚಿ, ಓಲೆಯನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟಳು. ಅದರ ಕೆಂಪು ಕಲ್ಲು ಹಾಗಲಕಾಯಿಯ ಪಕ್ಕ ಚೆಂದ ಕಾಣುತ್ತಿತ್ತು.

"ನಾಳೆ ಹೋಗೋಣ. ತೆಗೆಸಿಬಿಡೋಣ. ನಾನೇ ಹೇಳ್ತೀನಿ ಡಾಕ್ಟ್ರಿಗೆ, ನಾನೇ ಸುಳ್ಳು ಹೇಳಿದ್ದು ಅಂತ. ನಿಮ್ಮ ಯಜಮಾನ್ರ ಹತ್ರಾನೂ ಹೇಳ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ."

ಸಾಹೇಬರು ಓಲೆಯನ್ನು ನೋಡಿದರು. ಎಡಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಕೆಳಗಿಟ್ಟರು. ಬರುತ್ತಾರೆ ಅಂದುಕೊಂಡಳು ಅವಳು. ಅವರ ಬಲಗೈ ಮೇಲೆದ್ದಿತು, ಬೆರಳುಗಳು ಒಂದೊಂದಾಗಿ ಮಡಚಿ ಮುಷ್ಟಿ ಬಿಗಿಯಿತು.

"ಇದಕ್ಕೆ ಅರ್ಥ ನೀನೇ ಹೇಳಿದ್ಯಲ್ಲ," ಅಂದರು. "ಗಟ್ಟಿ ಅಂತ. ಗಟ್ಟಿಯಾಗೇ ಇದೆ. ಇರ್ಲಿ."

ಆಮೇಲೆ ಬೇಕೆಂದೇ ಹಲ್ಲಿಗೆ ಹಲ್ಲು ಕೂಡಿಸಿ ಕಚ್ಚಿದರು. ಮೇಲಿನ ಬಂಗಾರ ಕೆಳಗಿನ ಬೆಳ್ಳಿಗೆ ತಾಗಿ ಮುಖದ ಒಂದು ಬದಿ ಸೊಟ್ಟಗಾಯಿತು. ಅದು ನೆಟ್ಟಗಾಗುವವರೆಗೂ ಅವಳ ಮುಖವನ್ನೇ ನೋಡುತ್ತ ಕಚ್ಚಿ ಹಿಡಿದು, ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡು ಮುಗಿಸಿ, ಕೈ ತೊಳೆಯಲು ಎದ್ದರು. ಹೋಗುತ್ತ ಒಂದು ಬೆರಳು ಎತ್ತಿ ತೋರಿಸಿದರು.

ಅವಳು ಓಲೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ತನ್ನ ತಟ್ಟೆಗೆ ಬಡಿಸಿಕೊಂಡು ಉಪ್ಪು ಹಾಕಿ ಕಲಸಿದಳು. ಬಾಯಿಗಿಟ್ಟು ಆಡಿಸಿದಳು. ಉಪ್ಪು ಸಾಕೋ, ಇನ್ನೊಂದು ಚಿಟಿಕೆ ಬೇಕೋ, ಎಷ್ಟು ಆಡಿಸಿದರೂ ಅವಳಿಗೆ ಗೊತ್ತಾಗಲಿಲ್ಲ. ಕೇಳೋಣವೆಂದರೆ ಆ ಮನೆಯಲ್ಲಿ ಹೇಳುವವರು ಯಾರೂ ಇರಲಿಲ್ಲ.